ಬಾಗಿಲ ಡಬ್ಬಿಯ ಖಾಲಿ ಖಾನೆ

ಹಳೇ ಮೋಟಾರು ಬಿಚ್ಚುವ ಆ ಶೆಡ್ಡಿನಲ್ಲಿ ಲೇಥ್ ಮೇಸ್ತ್ರಿಯನ್ನು ಮೀರಿಸುವ ಕೈ ಇನ್ನೊಂದಿರಲಿಲ್ಲ. ಬಾಯಿ ಮಾತ್ರ, ಪಾಪ, ಲೆಕ್ಕಕ್ಕಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಒಂಟಿಯಾಗಿದ್ದ ಈ ಮನುಷ್ಯ ಓವನ್ ನೋಡಿಕೊಳ್ಳುವ ಹೆಂಗಸಿಗೆ ಮನಸ್ಸು ಕೊಟ್ಟು ಯಾವ ಕಾಲವಾಯಿತೋ! ಮದುವೆಯ ಗೋಜಿಗೇ ಹೋಗದೆ ತಮ್ಮಂದಿರನ್ನು ದಡ ಸೇರಿಸಿದವಳು ಆಕೆ. ಶೆಡ್ಡಿಗೆಲ್ಲ 'ಓವನ್ ಅಕ್ಕ'. ಮೇಸ್ತ್ರಿ ಒಬ್ಬನೇ 'ಇವ್ರೇ' ಅನ್ನುತ್ತಿದ್ದ. ಸತ್ತರೂ ಅಕ್ಕ ಅನ್ನುತ್ತಿರಲಿಲ್ಲ. ಯಾಕೆಂದು ಯಾರಿಗೂ ಗೊತ್ತಿಲ್ಲ ಅಂದುಕೊಂಡಿದ್ದ, ಭೂಪ!

ಅಲ್ಲಿಗೆ ಬರುತ್ತಿದ್ದದ್ದು ಓಡಿ ಸವೆದ ಕರೆಂಟ್ ಸ್ಕೂಟರುಗಳ ಮೋಟಾರು. ಅವುಗಳ ಹೊಟ್ಟೆಯಲ್ಲಿ ತಿರುಗುವ ರೋಟರಿಗೆ ಅಂಟಿಸಿರುವ ನಿಯೋಡಿಮಿಯಂ ಅಯಸ್ಕಾಂತಕ್ಕೆ ಎಲ್ಲಿಲ್ಲದ ಬೇಡಿಕೆ. ಕರಗಿಸಿ ಹೊಸದು ಮಾಡಿದರೆ ಗಾಳಿಯಂತ್ರಕ್ಕೂ ಆದೀತು. ಅಷ್ಟು ಅದಿರನ್ನು ನೆಲದಿಂದ ಅಗೆಯುವುದು ತಪ್ಪೀತು. ಆದರೆ ಬಲು ಹಟಮಾರಿ ವಸ್ತು. ಕಬ್ಬಿಣ ಕಂಡರೆ ಬಿಡದು, ಮೀಟಿ ತೆಗೆಯಹೋದರೆ ಬಿಸ್ಕತ್ತಿನಂತೆ ಚೂರಾಗುತ್ತದೆ. ಓವನ್ನಿನಲ್ಲಿ ಚೆನ್ನಾಗಿ ಕಾಯಿಸಿದರೆ ಮಾತ್ರ ಸೆಳೆತ ಬಿಟ್ಟು ತೆಪ್ಪಗಾಗುತ್ತದೆ.

ಹಾಗಾಗಿ ಬಾಗಿಲಲ್ಲೇ ಒಂದು ಮರದ ಡಬ್ಬಿ, ಒಬ್ಬೊಬ್ಬರಿಗೆ ಒಂದೊಂದು ಖಾನೆ. ವಾಚು, ಬೀಗದ ಕೈ, ಉಂಗುರ ಎಲ್ಲ ಅಲ್ಲಿ ಬಿಟ್ಟೇ ಒಳಗೆ ಕಾಲಿಡಬೇಕು. ಕಾವಲು ಓವನ್ ಅಕ್ಕನದು. ಅವಳ ಖಾನೆ ಮಾತ್ರ ಸದಾ ಖಾಲಿ.

"ನನ್ನ ಹತ್ರ ಏನಿದೆ ಹಾಕೋಕೆ? ನಾಲಿಗೆ ಒಂದೇ. ಅದನ್ನೂ ಬಿಟ್ಟು ಬಂದ್ರೆ ನಿಮ್ಮನ್ನ ಬಯ್ಯೋರು ಯಾರು?" ಎಂದು ನಗುತ್ತಿದ್ದಳು. ಆ ಖಾಲಿ ಖಾನೆ ಕಂಡಾಗಲೆಲ್ಲ ಮೇಸ್ತ್ರಿಯ ಕರುಳು ಚುರುಕ್ ಅನ್ನುತ್ತಿತ್ತು.

ಕೊನೆಗೊಮ್ಮೆ ಹಳೇ ಬೇರಿಂಗಿನ ಉಕ್ಕನ್ನು ಲೇಥಿಗೆ ಕೊಟ್ಟು ಉಂಗುರ ಮಾಡಿದ. ಸಂಜೆ ಗೇಟಿನ ಹತ್ತಿರ ಕೊಡುವುದೆಂದು ಧೈರ್ಯ ಮಾಡಿ ಅಂಗಿಯ ಜೇಬಿಗಿಟ್ಟು ಬಂದ. ಬಾಗಿಲಲ್ಲಿ ಫಜೀತಿ! ಡಬ್ಬಿಗೆ ಹಾಕಿದರೆ ಅವಳೇ ನೋಡಿಬಿಡುತ್ತಾಳೆ. ಹೇಗೂ ಅಯಸ್ಕಾಂತದಿಂದ ದೂರ, ಲೇಥಿನ ಮೂಲೆಯಲ್ಲೇ ತಾನೇ ಇರುವುದು ಎಂದು ವಾಚು ಮಾತ್ರ ಹಾಕಿ ಕಳ್ಳನಂತೆ ನುಸುಳಿದ.

ಮಧ್ಯಾಹ್ನ ಅವಳೇ ಕೂಗಿದಳು: "ಮೇಸ್ತ್ರಿಗಳೇ, ಈ ರೋಟರ್ ಸ್ವಲ್ಪ ಎತ್ತಿ ಕೊಡಿ, ಸೊಂಟ ಹಿಡ್ಕೊಂಡಿದೆ."

ಅವಳು ಕರೆದ ಮೇಲೆ ಮುಗಿಯಿತಲ್ಲ! ಜೇಬು ಮರೆತು ಓಡಿ ಬಂದು ಬಾಗಿದ. ಉಂಗುರ ಚಂಗನೆ ಹಾರಿ ರೋಟರಿನ ಅಯಸ್ಕಾಂತಕ್ಕೆ ಟಪ್ಪೆಂದು ಅಂಟಿತು. ಇಡೀ ಶೆಡ್ಡು ತಿರುಗಿ ನೋಡಿತು.

"ಏನ್ರೀ ಇದು?"

"ಉಂ... ಉಂಗುರ, ಇವ್ರೇ."

"ಅದು ಕಾಣ್ತಿದೆ. ಯಾರಿಗೆ?"

ಮೇಸ್ತ್ರಿ ಬೆವತು ನೀರಾದ. "ನಿಮಗೇ."

ಪ್ಯಾಕಿಂಗಿನ ಅಜ್ಜ ಸೀಟಿ ಹೊಡೆದೇಬಿಟ್ಟ. ಮೇಸ್ತ್ರಿ ಕಕ್ಕಾಬಿಕ್ಕಿಯಾಗಿ ಉಂಗುರ ಕೀಳಹೋದ.

"ಮುಟ್ಬೇಡಿ! ಅಯಸ್ಕಾಂತ ಒಡೆಯತ್ತೆ. ಕಾಯ್ಲಿ, ತಾನಾಗೇ ಬಿಡತ್ತೆ," ಎಂದು ಗದರಿ, ಉಂಗುರದ ಸಮೇತ ರೋಟರನ್ನು ಅವನ ಕೈಯಿಂದಲೇ ಎತ್ತಿಸಿ ಓವನ್ನಿಗೆ ತಳ್ಳಿದಳು. ಓವನ್ನಿನ ಬಾಗಿಲು ಮುಚ್ಚಿ ಮುಂದಿನ ಮೋಟಾರಿಗೆ ಕೈ ಹಾಕಿದಳು. ಸಂಜೆಯಾದರೂ ಓವನ್ ಆರಿರಲಿಲ್ಲ. ಮೇಸ್ತ್ರಿ ಮೋರೆ ಸಣ್ಣದು ಮಾಡಿಕೊಂಡು ಮನೆಗೆ ಹೋದ. ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ.

ಬೆಳಿಗ್ಗೆ ಅವಳು ಎಲ್ಲರಿಗಿಂತ ಮೊದಲೇ ಬಂದು ಓವನ್ ತೆಗೆದಿದ್ದಳು. ಬಾಗಿಲಲ್ಲಿ ಸಾಲು ನಿಂತಿತ್ತು. ಅವಳ ಬೆರಳಲ್ಲಿ ಉಂಗುರ! ಕಾವಿಗೆ ಉಕ್ಕು ನವಿಲಿನ ಕತ್ತಿನ ನೀಲಿಗೆ ತಿರುಗಿತ್ತು.

"ನಿಮ್ಮ ಲೇಥಿಗೆ ಬಾರದ ಬಣ್ಣ ನನ್ನ ಓವನ್ ಕೊಟ್ಟಿದೆ, ನೋಡಿ," ಎಂದು ಕೈ ಚಾಚಿ ತೋರಿಸಿದಳು. ಮೇಸ್ತ್ರಿಗೆ ಕಣ್ಣು ತುಂಬಿ ಬಂತು.

ಅವಳು ಉಂಗುರ ಕಳಚಿ ತನ್ನ ಖಾನೆಯೊಳಗೆ ಜೋಪಾನವಾಗಿ ಇಟ್ಟಳು. "ಸಂಜೆ ನೀವೇ ತೊಡಿಸ್ಬೇಕು. ಈಗ ಜೇಬು ತೋರ್ಸಿ!"