ಮಾವನ ಕೈಗೆ ಸಿಗದ ಕಿಡಿ

ನನ್ನ ಸೋದರಮಾವ ಹಳೆಯ ಮೋಟಾರ್ ಸೈಕಲ್‌ಗಳ ಮೆಕ್ಯಾನಿಕ್. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಅದಕ್ಕೂ ಅಡುಗೆಮನೆಗೂ ನಡುವೆ ಒಂದೇ ಬಾಗಿಲು. ಕಾಯಿಸಿದ ಹಾಲಿಗೂ ಪೆಟ್ರೋಲ್ ವಾಸನೆ ಎಂಬುದು ಅತ್ತೆಯ ಕಾಯಂ ದೂರು. ರಿಪೇರಿಗೆ ಗಾಡಿ ಬಿಡಲು ಬಂದವರು ಕೀಗೊಂಚಲು ಚಾಚಿದರೆ ಮಾವ ಗಾಡಿಯ ಕೀ ಒಂದನ್ನೇ ಬಿಡಿಸಿಕೊಂಡು ಉಳಿದದ್ದನ್ನು ವಾಪಸ್ ಕೊಡುತ್ತಾನೆ. "ನಿಮ್ಮನೆ ಬೀಗ ನನಗ್ಯಾಕೆ?" ಎನ್ನುತ್ತಾನೆ. ಇಪ್ಪತ್ತೆಂಟು ವರ್ಷದಿಂದ ಹೀಗೇ.

ಕಳೆದ ವರ್ಷ ಒಂದು ಶನಿವಾರ ಆಸ್ಪತ್ರೆಯ ಸಿಸ್ಟರ್ ಒಬ್ಬರು ತಮ್ಮ ತಂದೆಯ ಕಾಲದ ಗಾಡಿಯನ್ನು ತಳ್ಳಿಕೊಂಡು ಬಂದರು. ಹಾಸಿಗೆ ಹಿಡಿದವರ ಮನೆಗಳಿಗೆ ಹೋಗಿ ಗಾಯ ತೊಳೆದು ಬ್ಯಾಂಡೇಜ್ ಕಟ್ಟುವುದು ಅವರ ಕೆಲಸ. ಎದ್ದು ಬಾಗಿಲು ತೆಗೆಯಲಾಗದ ಎಂಟು ರೋಗಿಗಳ ಮನೆ ಕೀಗಳು ಅವರ ಗೊಂಚಲಿನಲ್ಲೇ ಇದ್ದವು.

"ಕಾಲು ಗಂಟೆ ಓಡತ್ತೆ ಅಣ್ಣ, ಆಮೇಲೆ ಉಸಿರೇ ಇಲ್ಲ. ಕೀ ತೆಗೆದು ಐದು ನಿಮಿಷ ಸುಮ್ನೆ ಬಿಟ್ರೆ ಮತ್ತೆ ಶುರು. ಈ ವಾರ ಎರಡು ಸಲ ತಡ ಆಯ್ತು. ಸೋಮವಾರಾನೂ ತಡ ಆದ್ರೆ ಆ ಮನೆಗಳು ಬೇರೆಯವರಿಗೆ. ನಂಗೆ ಆಸ್ಪತ್ರೇಲಿ ಕುರ್ಚಿ, ರಿಜಿಸ್ಟರು."

"ಕುರ್ಚಿ ಸಿಕ್ರೆ ಒಳ್ಳೇದಲ್ವಾ ಸಿಸ್ಟರ್?"

"ಎಂಟು ಜನ ನನ್ನ ಹೆಜ್ಜೆ ಸಪ್ಪಳ ಗುರುತು ಹಿಡೀತಾರೆ. ಕುರ್ಚಿ ಹಿಡಿಯತ್ತಾ?"

ಮಾವ ಗಾಡಿಯ ಕೀ ಬಿಡಿಸಿಕೊಂಡು ಗೊಂಚಲನ್ನು ಅವರ ಕೈಗಿತ್ತ. ಪ್ಲಗ್ ಬಿಚ್ಚಿ ಎಂಜಿನ್ನಿಗೆ ತಾಗಿಸಿ ಕಿಕ್ ಹೊಡೆದಾಗ ಕಿಡಿ ನೀಲಿಯಾಗಿಯೇ ಹಾರಿತು. ಹಳದಿಯಾಗಿದ್ದರೆ ಸೋತಿದೆ ಎಂದರ್ಥ. ಬಿಸಿಯಾದ ಮೇಲೆ ನಿಲ್ಲುವುದಾದರೆ ಕಿಡಿ ಹುಟ್ಟಿಸುವ ಕಾಯಿಲ್‌ನದೇ ತಪ್ಪೆಂದು ಅದನ್ನು ಬದಲಿಸಿ, ಪೇಟೆಯನ್ನೆಲ್ಲ ಸುತ್ತಿ ಬಂದ. ಗಾಡಿ ಎಲ್ಲೂ ಕೆಮ್ಮಲಿಲ್ಲ. ಸಂಜೆ ಅದರಲ್ಲೇ ಮನೆಗೆ ಹೊರಟ ಸಿಸ್ಟರ್ ಅರ್ಧ ದಾರಿಯಿಂದ ಮತ್ತೆ ತಳ್ಳಿಕೊಂಡು ಬಂದರು.

ಭಾನುವಾರ ಬೆಳಿಗ್ಗೆ ಕಿಡಿಗೆ ಬೇಕಾದ ಉಳಿದ ಭಾಗಗಳನ್ನು ಹಿಡಿದ. ಕಂಡೆನ್ಸರ್ ಬದಲಿಸಿದ, ಪಾಯಿಂಟ್ ಉಜ್ಜಿದ. ಓಡಿಸಿ ನೋಡಲು ಹೋದ ಸಿಸ್ಟರ್ ಮತ್ತೆ ತಳ್ಳಿಕೊಂಡೇ ಬಂದರು. ಅವನ ಕೈಯಲ್ಲಿ ಕುದುರೆಯಂತೆ ಓಡುವ ಗಾಡಿ ಅವರ ಕೈಗೆ ಹೋದರೆ ಮೊಂಡು ಕತ್ತೆ.

ಮಧ್ಯಾಹ್ನ ಮಾವ ಊಟ ಮುಟ್ಟದೆ ಕೂತಿದ್ದ. "ಆ ಗಾಡಿಗೆ ನಿಮ್ಮ ಮೇಲೇ ಪ್ರೀತಿ ಇರ್ಬೇಕು," ಅತ್ತೆ ಕಿಚಾಯಿಸಿದಳು. "ಒಂದ್ಸಲ ಸಿಸ್ಟರ್ ಹಿಂದೆ ಕೂತು ನೋಡಿ. ನಾಚಿಕೆ ಆದ್ರೆ ಹೆಲ್ಮೆಟ್ ಹಾಕ್ಕೊಳ್ಳಿ, ಯಾರಿಗೂ ಗೊತ್ತಾಗಲ್ಲ."

ಜನ್ಮದಲ್ಲಿ ಯಾರ ಹಿಂದೆಯೂ ಕೂತವನಲ್ಲ ಮಾವ. ಆ ದಿನ ಹೆಲ್ಮೆಟ್ ಹಾಕಿಕೊಂಡೇ ಕೂತ.

ಮುಂದಿನದನ್ನು ಅವನೇ ಹೇಳಿದ. ಡಾಂಬರು ಮುಗಿದು ಗುಂಡಿಗಳ ರಸ್ತೆ ಶುರುವಾದಲ್ಲಿ ಗಾಡಿ ನಿಂತಿತು. ಸಿಸ್ಟರ್ ಎಂದಿನಂತೆ ಕೀ ತೆಗೆಯಲು ಹೋದರು.

"ಮುಟ್ಟಬೇಡಿ!"

ಮಾವನ ಕಣ್ಣು ಕೀ ಹಾಕುವ ಸ್ವಿಚ್ಚಿನಿಂದ ಇನ್ನೂ ತೂಗಾಡುತ್ತಿದ್ದ ಗೊಂಚಲಿನ ಮೇಲಿತ್ತು. ಇಳಿದು ಬಂದು ಅದನ್ನು ಅಂಗೈಯಲ್ಲಿ ಮೆಲ್ಲನೆ ಎತ್ತಿದ. ಹೆಡ್‌ಲೈಟಿನ ಮೇಲೆ ಕರೆಂಟ್ ಇದೆಯೆಂದು ತೋರಿಸುವ ಪುಟ್ಟ ದೀಪ ಹತ್ತಿಕೊಂಡಿತು. ಕೈಬಿಟ್ಟರೆ ಆರಿತು. ಎಂಟು ಮನೆಗಳ ಕೀಗಳು ಸವೆದ ಸ್ವಿಚ್ಚನ್ನು ಜಗ್ಗಿ, ಕಿಡಿಗೆ ಹೋಗುವ ಕರೆಂಟನ್ನೇ ಕಡಿದುಬಿಡುತ್ತಿದ್ದವು.

"ತಪ್ಪು ನಂದು ಸಿಸ್ಟರ್," ಎಂದನಂತೆ ಮಾವ. "ಮರ್ಯಾದಸ್ಥ ಅನ್ನಿಸ್ಕೊಳ್ಳೋಕೆ ಹೋಗಿ, ಒಂದೇ ಕೀ ಇಟ್ಕೊಂಡು, ರೋಗಾನ ನಿಮ್ಮ ಕೈಗೇ ಕೊಟ್ಟು ಕಳಿಸ್ತಿದ್ದೆ."

ಸಿಸ್ಟರ್ ರಸ್ತೆಬದಿಯಲ್ಲೇ ಕೂತು ನಗತೊಡಗಿದರಂತೆ. ಭಾನುವಾರ ಹೊಸ ಸ್ವಿಚ್ ಎಲ್ಲಿ ಸಿಗಬೇಕು? ಮಾವ ಹಳೆಯದನ್ನೇ ಬಿಚ್ಚಿ, ಕಪ್ಪಾಗಿದ್ದ ತಾಮ್ರವನ್ನು ಉಜ್ಜಿ, ಬಿಗಿ ಮಾಡಿ ಕೂರಿಸಿದ. ಮನೆ ಕೀಗಳನ್ನು ಬೇರೆ ದಾರಕ್ಕೆ ಪೋಣಿಸಿ ಅವರ ಚೀಲಕ್ಕೆ ಕಟ್ಟಿಕೊಟ್ಟ.

ಸೋಮವಾರ ಎಂಟು ಗಂಟೆಗೆ ಮೊದಲ ಮನೆ. ಏಳೂವರೆಯಿಂದ ಮಾವ ಒಂದೇ ಸ್ಪ್ಯಾನರನ್ನು ಒರೆಸುತ್ತ ಕೂತಿದ್ದ. ಎಂಟು ದಾಟಿತು. ಎಂಟೂಕಾಲಿಗೆ ಫೋನ್ ಬಂತು.

"ಐದು ನಿಮಿಷ ಇರೋವಾಗ್ಲೇ ಮುಟ್ಟಿದೆ ಅಣ್ಣ. ಮೊದಲ್ನೇ ಮನೆ ಅಜ್ಜಿ ಬೈದ್ರು, ಒಳ್ಳೆ ನಿದ್ದೆ ಹತ್ತಿತ್ತು, ಇಷ್ಟು ಬೇಗ ಬಾ ಅಂತ ಯಾರು ಹೇಳಿದ್ರು ಅಂತ."

ಮಾವ ಫೋನ್ ಹಿಡಿದುಕೊಂಡೇ ಅಡುಗೆಮನೆಗೆ ಹೋಗಿ ಅದನ್ನು ಅತ್ತೆಯ ಕಿವಿಗೆ ಒತ್ತಿದ.

"ಆ ಬೈಗುಳ ಇನ್ನೊಂದ್ಸಲ ಹೇಳಿ ಸಿಸ್ಟರ್, ಇವಳೂ ಕೇಳ್ಲಿ."