ದಿಗ್ನಾ ಟೀಚರ ಕಲ್ಲಾಟ

ದಿಗ್ನಾ ಕೊರೋಸೋಳ ಬಾಯಿ ಒರಟು, ಕೈ ಮಾತ್ರ ತಾಳಕ್ಕೆ ಒಂದು ಕೂದಲಷ್ಟೂ ತಪ್ಪುತ್ತಿರಲಿಲ್ಲ. ಸಾಂತ್ಯಾಗೊ ಹೊಳೆಯ ದಂಡೆಯ ಪ್ರಾಥಮಿಕ ಶಾಲೆಯಲ್ಲಿ ಇಪ್ಪತ್ತೊಂದು ವರ್ಷದಿಂದ ಅವಳೇ ಸಂಗೀತದ ಟೀಚರು. ಕಾಲೇಜು ಕಂಡವಳಲ್ಲ. ಅವಳ ತಾಯಿ ಊರಿನ ಸಾವಿಗೂ ಹಬ್ಬಕ್ಕೂ ಹಾಡುತ್ತಿದ್ದವಳು. ತಾಯಿಯ ಸೆರಗು ಹಿಡಿದು ಸುತ್ತಿ ಕಲಿತದ್ದೇ ಮಗಳ ವಿದ್ಯೆ.

ಅವಳ ತರಗತಿಯಲ್ಲಿ ಮಕ್ಕಳು ಕೂರುತ್ತಿರಲಿಲ್ಲ. ಬೊಂಬೊ ಎಂಬ ದೊಡ್ಡ ಡೋಲನ್ನು ಅವಳು ನಿಧಾನವಾಗಿ ಬಾರಿಸಿದರೆ ನಡೆಯಬೇಕು, ಇಮ್ಮಡಿ ಬಾರಿಸಿದರೆ ಓಡಬೇಕು, ಬಡಿಗೆ ನಿಂತರೆ ಒಂಟಿಕಾಲಲ್ಲಿ ಕೊಕ್ಕರೆಯಂತೆ ನಿಲ್ಲಬೇಕು. ಅಲುಗಾಡಿದವರು ಆಟದಿಂದ ಹೊರಗೆ. "ಕಾಲಿಗೆ ಬಂದದ್ದು ತಲೆಗೆ ತಾನಾಗೇ ಹತ್ತುತ್ತೆ. ತಲೆಗೆ ತುರುಕಿದ್ದು ಕಾಲಿಗಿಳಿಯಲ್ಲ" ಅನ್ನುತ್ತಿದ್ದಳು.

ಮೇಲಿನ ಬೆಟ್ಟಸೀಮೆಯಿಂದ ವಿಯಾಸಿಸ್ ಎಂಬ ಹೊಸ ಹೆಡ್ಮಾಸ್ತರು ಬಂದ ಮೇಲೆ ಕಷ್ಟ ಶುರುವಾಯಿತು. ಸಂಗೀತದ ಕೋಣೆ ಮಹಡಿಯ ಮೇಲೆ, ಹಲಗೆ ನೆಲದ್ದು. ಅದರ ಕೆಳಗೇ ಅವನ ಆಫೀಸು. ಮೂವತ್ತು ಮಕ್ಕಳು ಓಡಿದರೆ ಅವನ ಕಾಗದಗಳ ಮೇಲೂ ಕಾಫಿಯ ಮೇಲೂ ಮರದ ಪುಡಿ ಉದುರುತ್ತಿತ್ತು. ಮೊದಲ ವಾರ ಹೇಳಿ ಕಳಿಸಿದ. ಎರಡನೆಯ ವಾರ ತಾನೇ ಮೆಟ್ಟಿಲೇರಿ ಬಂದ.

"ಇದು ಪಾಠವೋ, ದನದ ದೊಡ್ಡಿಯೋ?"

"ದೊಡ್ಡೀಲಿ ದನ ತಾಳಕ್ಕೆ ನಡೆಯಲ್ಲ ಸಾರ್. ಬೇಕಾದ್ರೆ ನೀವೂ ನಡೆದು ನೋಡಿ."

ಮಕ್ಕಳು ನಕ್ಕರು. ವಿಯಾಸಿಸ್ ಆ ನಗುವನ್ನು ಮರೆಯಲಿಲ್ಲ. ಈಸ್ಟರ್ ರಜೆ ಮುಗಿಸಿ ದಿಗ್ನಾ ಬಂದು ನೋಡಿದರೆ ಕೋಣೆಯ ತುಂಬ ಬೆಂಚು, ಮೇಜು. ಒಂದೊಂದರ ಕಾಲನ್ನೂ ಅವನು ನೆಲಕ್ಕೆ ಬೋಲ್ಟು ಹಾಕಿಸಿ ಬಿಗಿಸಿದ್ದ. ದಿಗ್ನಾ ಒಂದು ಬೆಂಚನ್ನು ಒದ್ದು ನೋಡಿದಳು. ಅವಳ ಹೆಬ್ಬೆರಳೇ ನೊಂದಿತು.

ಅವತ್ತೇ ಮಕ್ಕಳನ್ನು ಹೊಳೆಗೆ ಕರೆದೊಯ್ದು ತಲೆಗೊಂದರಂತೆ ಮುಷ್ಟಿ ಗಾತ್ರದ ನುಣ್ಣನೆಯ ಕಲ್ಲು ಆರಿಸಿ ತಂದಳು. ಕೂತಲ್ಲೇ ಆಡುವ ಆಟ: ಎಲ್ಲರ ಮುಂದೂ ಒಂದೊಂದು ಕಲ್ಲು. ಡೋಲಿನ ಒಂದು ಏಟಿಗೆ ಎತ್ತಬೇಕು, ಮುಂದಿನ ಏಟಿಗೆ ಬಲಗಡೆಯವರ ಮುಂದೆ ಇಡಬೇಕು. ಎಲ್ಲರ ಕೈಯೂ ಒಟ್ಟಿಗೆ ಸಾಗಿದರೆ ಕಲ್ಲುಗಳ ಸಾಲು ತೆವಳುವ ಹಾವಿನಂತೆ ಕೋಣೆ ಸುತ್ತುತ್ತಿತ್ತು. ಒಬ್ಬರು ತಪ್ಪಿದರೆ ಅವರ ಮುಂದೆ ರಾಶಿ ಬೀಳುತ್ತಿತ್ತು. ಕೆಳಗೆ ಆಫೀಸಿಗೆ ಈಗ ಟಕ್, ಟಕ್ ಎಂಬ ಸದ್ದು, ಮಳೆ ಹನಿಗಿಂತ ಕರಾರುವಾಕ್ಕಾಗಿ. ಅದನ್ನು ಕೇಳಿ ಅವನಿಗೆ ಉರಿಯಲಿ ಎಂದೇ ದಿಗ್ನಾ ಕಿಟಕಿ ತೆರೆದಿಡುತ್ತಿದ್ದಳು.

ಒಂದು ಬುಧವಾರ ವಿಯಾಸಿಸ್ ನೋಟ್ ಬುಕ್ ಹಿಡಿದು ಬಂದು ಬಾಗಿಲಲ್ಲಿ ನಿಂತ. ಮಾತಿಲ್ಲ, ಬರೆಯುವುದೊಂದೇ. ದಿಗ್ನಾಳ ಕಿವಿ ಬಿಸಿಯಾಯಿತು. ಅವನ ಕಣ್ಣೆದುರೇ ಮಕ್ಕಳ ಕೈಚಳಕ ತೋರಿಸಬೇಕೆಂದು ಡೋಲಿನ ಓಟ ಜೋರು ಮಾಡಿದಳು. ಅವನು ಪುಟ ತಿರುಗಿಸಿದ. ಇನ್ನೂ ಜೋರು ಮಾಡಿದಳು. ಎರಡನೆಯ ಸಾಲಿನಲ್ಲಿ ನಯೇಲಿ ಎಂಬ ಐದನೆಯ ತರಗತಿಯ ಹುಡುಗಿ "ಟೀಚರ್, ನಿಧಾನ" ಅಂದದ್ದು ಅವಳಿಗೆ ಕೇಳಿಸಿತು. ಕೇಳಿಸಿಯೂ ಬಡಿಗೆ ನಿಲ್ಲಲಿಲ್ಲ. ಮರುಗಳಿಗೆ ಪಕ್ಕದವನ ಕಲ್ಲು ನಯೇಲಿಯ ಬಲಗೈಯ ಎರಡು ಬೆರಳಿನ ಮೇಲೆ ಬಿತ್ತು.

ಹುಡುಗಿ ಅಳಲಿಲ್ಲ. ಬೆರಳನ್ನು ಬಾಯಿಗಿಟ್ಟುಕೊಂಡು ಟೀಚರನ್ನು ನೋಡಿದಳು. ಆ ನೋಟ ದಿಗ್ನಾಳಿಗೆ ಕಲ್ಲಿಗಿಂತ ಹೆಚ್ಚು ಬಡಿಯಿತು.

ಶುಕ್ರವಾರ ಪಾಲಕರ ಸಭೆ. ವಿಯಾಸಿಸ್ ನೋಟ್ ಬುಕ್ ತೆರೆದು ಹೊತ್ತು, ನಿಮಿಷ ಸಹಿತ ಓದಿದ. ಓದು ಮುಗಿದ ಮೇಲೆ ದಿಗ್ನಾ ಎದ್ದು ನಿಂತಳು. ಕೈತಪ್ಪಿ ಆಯಿತು ಎನ್ನಬಹುದಿತ್ತು, ಯಾರೂ ಪ್ರಶ್ನಿಸುತ್ತಿರಲಿಲ್ಲ.

"ಕೈತಪ್ಪಲ್ಲ ಅದು. ಈ ಮನುಷ್ಯನ ಮೇಲಿನ ಸಿಟ್ಟಿಗೆ ತಾಳ ಓಡಿಸ್ದೆ. ಮಗು ನಿಧಾನ ಅಂತು. ಕೇಳ್ಕೊಂಡೂ ನಿಲ್ಲಿಸ್ಲಿಲ್ಲ."

ನಯೇಲಿಯ ತಾಯಿ ಯಾದಿರಾ ಸಂತೆಯಲ್ಲಿ ಮೀನು ಮಾರುವವಳು, ತಾನೂ ಚಿಕ್ಕಂದಿನಲ್ಲಿ ದಿಗ್ನಾಳ ಡೋಲಿಗೆ ಕೊಕ್ಕರೆಯಾಗಿ ನಿಂತವಳು. ಅವಳು ಇಬ್ಬರನ್ನೂ ಬಿಡಲಿಲ್ಲ.

"ನೀವಿಬ್ರು ಕೋಳಿ ಹುಂಜದ ಹಾಗೆ ಕಾದಾಡಿದ್ರಿ, ನನ್ ಮಗಳ ಬೆರಳು ನಡುವೆ ಸಿಕ್ತು. ಆಸ್ಪತ್ರೇಲಿ ಒಬ್ಬಳೇ ಕೂತಿದ್ದೆ. ನೀವೂ ಬರ್ಲಿಲ್ಲ, ಈ ಸಾರೂ ಬರ್ಲಿಲ್ಲ. ಈಗ ಬಾಯ್ತುಂಬ ಮಾತು."

"ಏನು ಮಾಡಬೇಕು ಹೇಳು, ಯಾದಿರಾ" ಅಂದಳು ದಿಗ್ನಾ.

"ಬೆರಳಿನ ಪಟ್ಟಿ ಬಿಚ್ಚೋವರ್ಗೂ ಅವಳು ಬರಿಯೋಕಾಗಲ್ಲ. ನೀವೇ ಬರೀರಿ. ಮನೇಲಲ್ಲ, ಕ್ಲಾಸಲ್ಲಿ, ಅವಳ ಪಕ್ಕ ಕೂತ್ಕೊಂಡು."

ಐದನೆಯ ತರಗತಿಗೆ ಭಾಷೆಯ ಪಾಠ ಮಾಡುತ್ತಿದ್ದವನು ವಿಯಾಸಿಸ್. ಮುಖದ ಮೇಲಿನ ಸಂತೋಷವನ್ನು ಮುಚ್ಚಿಡಲು ಅವನಿಂದಾಗಲಿಲ್ಲ. "ನನ್ನ ಅಭ್ಯಂತರವಿಲ್ಲ" ಅಂದ.

ಹಾಗೆ ಐವತ್ತನಾಲ್ಕು ವರ್ಷದ ಹೆಂಗಸು ಮೂರು ವಾರ ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತಳು. ಮೊದಲ ದಿನವೇ ಅವನು ಉಕ್ತಲೇಖನ ಕೊಟ್ಟ. ಒಂದು ವಾಕ್ಯ ಮುಗಿಯುವ ಮುನ್ನ ಇನ್ನೊಂದು ಹೇಳುತ್ತಿದ್ದ. ದಿಗ್ನಾಳ ಅಕ್ಷರ ಸಾಲು ಬಿಟ್ಟು ಓಡಿತು. ಅವನು ಅವಳು ಬರೆದ ಪುಟವನ್ನು ಎತ್ತಿ ಹಿಡಿದ.

"ಹನ್ನೊಂದು ತಪ್ಪು. ಇಪ್ಪತ್ತೊಂದು ವರ್ಷ ಕಲಿಸಿದವರ ಬರವಣಿಗೆ ನೋಡಿ."

ಅವಳ ನಾಲಗೆಯ ತುದಿಗೆ ಬೈಗುಳ ಬಂತು, ನುಂಗಿಕೊಂಡಳು. ನಾಲ್ಕನೆಯ ದಿನ ಅವನು ಇನ್ನೂ ವೇಗವಾಗಿ ಹೇಳತೊಡಗಿದಾಗ ನಯೇಲಿ ಅವಳ ಕಿವಿಗೆ ಬಾಗಿದಳು. ಪಿಸುಮಾತಾದರೂ ಇಡೀ ತರಗತಿಗೆ ಕೇಳುವಂತಿತ್ತು.

"ಟೀಚರ್, ಅವತ್ತು ನೀವು ಓಡಿದ್ರಲ್ಲ, ಸಾರ್ ಇವತ್ತು ಹಾಗೇ ಓಡ್ತಿದಾರೆ."

ದಿಗ್ನಾ ಸುತ್ತ ನೋಡಿದಳು. ಅರ್ಧ ಮಕ್ಕಳು ಪೆನ್ಸಿಲ್ ಕೆಳಗಿಟ್ಟು ಸುಮ್ಮನೆ ಕೂತಿದ್ದರು. ಅವಳು ಎದ್ದಳು.

"ಸಾರ್, ನನ್ನ ಬೇಕಾದ್ರೆ ಬೀಳಿಸಿ. ಇವರನ್ನ ಬೀಳಿಸ್ಬೇಡಿ. ಹಿಂದಿನ ಸಾಲು ಆಗ್ಲೇ ಕೈಬಿಟ್ಟಿದೆ."

ವಿಯಾಸಿಸ್ ಹಿಂದಿನ ಸಾಲನ್ನು ನೋಡಿದ. ಮುಖ ಕೆಂಪೇರಿತು. "ಕೂತ್ಕೊಳ್ಳಿ" ಅಂದ. ಆಮೇಲೆ ಅದೇ ವಾಕ್ಯವನ್ನು ಮೊದಲಿನಿಂದ, ಪದ ಪದ ಬಿಡಿಸಿ ಹೇಳಿದ.

ಇದರಿಂದ ಇಬ್ಬರೂ ಸ್ನೇಹಿತರಾದರು ಎಂದುಕೊಂಡರೆ ತಪ್ಪು. ಬೋಲ್ಟು ಬಿಚ್ಚಿಸಿ ಎಂದು ಅವಳು ಕೇಳಲಿಲ್ಲ, ಅವನಾಗಿ ಬಿಚ್ಚಿಸಲೂ ಇಲ್ಲ. ಕಲ್ಲುಗಳನ್ನು ಜವಾನನ ಕೈಲಿ ಹೊಳೆಗೆ ಹಾಕಿಸಿದ. ಅವಳು ಹಳೆ ಬಟ್ಟೆಯಲ್ಲಿ ಜೋಳದ ಸಿಪ್ಪೆ ತುಂಬಿ ಚೆಂಡು ಹೊಲಿದಳು. ಮೆಟ್ಟಿಲಲ್ಲಿ ಎದುರಾದರೆ ಒಬ್ಬರು ಗೋಡೆ ನೋಡುತ್ತಿದ್ದರು, ಇನ್ನೊಬ್ಬರು ಹೊಳೆ ನೋಡುತ್ತಿದ್ದರು. ಆರು ವರ್ಷದ ಮೇಲೆ ಅವನಿಗೆ ವರ್ಗವಾದಾಗ ಶಾಲೆಯಲ್ಲಿ ಏಡಿ, ತೆಂಗಿನ ಹಾಲಿನ ಊಟವಾಯಿತು. ದಿಗ್ನಾ ಮೇಜಿನ ಆ ತುದಿಯಲ್ಲಿ ಕೂತು ಹೊಟ್ಟೆ ತುಂಬ ಉಂಡು, ಕೈ ತೊಳೆದು, ಒಂದು ಮಾತೂ ಆಡದೆ ಮಹಡಿ ಹತ್ತಿದಳು.

ಆದರೆ ಆ ಮೂರು ವಾರ ಕಳೆದದ್ದೇ ಒಂದು ವಿಷಯದಲ್ಲಿ ಅವಳು ಬದಲಾಗಿದ್ದಳು. ಆಟದ ಹೊತ್ತಿಗೆ ಬಡಿಗೆಯನ್ನು ತಾನು ಹಿಡಿಯುವುದನ್ನೇ ಬಿಟ್ಟಳು. ದಿನಕ್ಕೊಂದು ಮಗು ಡೋಲು ಬಾರಿಸಬೇಕು, ಟೀಚರು ಉಳಿದವರ ನಡುವೆ ಕೂತು ಚೆಂಡು ದಾಟಿಸಬೇಕು. ನಿಧಾನ ಎಂದು ಯಾರೇ ಕೂಗಿದರೂ ಡೋಲು ನಿಲ್ಲಲೇಬೇಕು. ಪಟ್ಟಿ ಬಿಚ್ಚಿದ ಮೇಲೆ ಮೊದಲ ಸರದಿ ನಯೇಲಿಯದು. ಅವಳು ಎಷ್ಟು ನಿಧಾನವಾಗಿ ಬಾರಿಸಿದಳೆಂದರೆ ಮಕ್ಕಳು ಆಕಳಿಸಿದರು. ದಿಗ್ನಾ ಯಾರನ್ನೂ ಗದರಲಿಲ್ಲ. ಹುಡುಗಿ ಕೊಟ್ಟ ತಾಳಕ್ಕೇ ಚೆಂಡು ಎತ್ತಿ, ಪಕ್ಕದವರ ಮುಂದೆ ಇಟ್ಟಳು.