ಒರೆಸಿಬಿಟ್ಟ ಕೆಸರು

ನನ್ನ ಸೋದರಮಾವನ ಅಂಗಿಯ ಜೇಬಿನಲ್ಲಿ ಪೆನ್ನು ಇರುತ್ತಿರಲಿಲ್ಲ, ಎಣ್ಣೆ ಡಬ್ಬಿ ಇರುತ್ತಿತ್ತು. ಉದ್ದ ಮೂತಿಯ, ತಳವನ್ನು ಹೆಬ್ಬೆರಳಿನಿಂದ ಒತ್ತಿದರೆ ಒಂದೇ ಹನಿ ಬಿಡುವ ಪುಟ್ಟ ತಗಡಿನ ಡಬ್ಬಿ. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಮೂವತ್ತೆರಡು ವರ್ಷ ಹೊಲಿಗೆ ಯಂತ್ರಗಳನ್ನು ರಿಪೇರಿ ಮಾಡಿದವರು ಅವರು. ನಿವೃತ್ತರಾದ ಮೇಲೂ ಡಬ್ಬಿ ಜೇಬು ಬಿಡಲಿಲ್ಲ. ಯಾರ ಮನೆಗೆ ಹೋದರೂ ಅಷ್ಟೇ, ಬಾಗಿಲು ಕಿರ್ ಎಂದರೆ ಕ್ಷೇಮಸಮಾಚಾರ ವಿಚಾರಿಸುವ ಮೊದಲೇ ಅದಕ್ಕೊಂದು ಹನಿ ಬಿಟ್ಟು ಮುಗಿದಿರುತ್ತಿತ್ತು. "ನಾನು ಕೂಗಿದ್ರೆ ಕೇಳಿಸಲ್ಲ ಇವರಿಗೆ, ಮೂರನೇ ಮನೆ ಗೇಟು ಕೂಗಿದ್ರೆ ಕೇಳಿಸುತ್ತೆ," ಎಂದು ಅತ್ತೆ ಬಂದವರೆದುರು ಆಡಿಕೊಳ್ಳುತ್ತಿದ್ದರು. ಮಾವ ನಗುತ್ತಿದ್ದರು.

ಅವರಿಗೆ ಒಬ್ಬಳೇ ಮಗಳು. ಇಪ್ಪತ್ತೇಳು ತುಂಬಿದರೂ ನಮಗೆಲ್ಲ ಅವಳು ಪುಟ್ಟಿಯೇ. ಹುಟ್ಟಿನಿಂದ ಕಾಲುಗಳಲ್ಲಿ ಬಲವಿಲ್ಲ, ಗಾಲಿಕುರ್ಚಿಯಲ್ಲೇ ಓಡಾಟ. ಕಾಲಿಗೆ ಕೊಡಬೇಕಾದ ಬಲವನ್ನೂ ದೇವರು ಬಾಯಿಗೇ ಕೊಟ್ಟಿದ್ದಾನೆ ಎಂದು ನಾನು ರೇಗಿಸುವುದುಂಟು. ಆ ಬಾಯಿಯ ದೆಸೆಯಿಂದಲೇ ಅವಳಿಗೊಂದು ಕೆಲಸ ಸಿಕ್ಕಿತು. ಊರಿನ ಇನ್ನೊಂದು ತುದಿಯ ದೊಡ್ಡ ಆಸ್ಪತ್ರೆಯಲ್ಲಿ ವಿಚಾರಣೆಯ ಕೌಂಟರು. ಯಾವ ಡಾಕ್ಟರು ಯಾವ ಮಹಡಿ, ರಕ್ತ ಕೊಡುವುದೆಲ್ಲಿ, ಗಾಬರಿಯಾದವರನ್ನು ಕೂರಿಸುವುದೆಲ್ಲಿ, ಎಲ್ಲ ಎರಡೇ ವಾರದಲ್ಲಿ ಬಾಯಿಪಾಠವಾಯಿತು. ಜೀವನದಲ್ಲಿ ಮೊದಲ ಸಲ ಜನ ಅವಳ ಹತ್ತಿರ ದಾರಿ ಕೇಳುತ್ತಿದ್ದರು. ಅದನ್ನು ಹೇಳುವಾಗ ಅವಳ ಮುಖ ನೋಡಬೇಕಿತ್ತು.

ಬೆಳಿಗ್ಗೆ ಎಂಟೂವರೆಗೆ ಕೌಂಟರಿನಲ್ಲಿರಬೇಕು. ಮೊದಲ ಆರು ತಿಂಗಳು ಕೆಲಸ ಕಾಯಂ ಅಲ್ಲ, ಅಷ್ಟರಲ್ಲಿ ಮೂರು ಸಲ ತಡವಾದರೆ ಮನೆಗೆ. ಬಸ್ಸಿಗೆ ಮೂರು ಮೆಟ್ಟಿಲು. ಬಾಡಿಗೆ ಗಾಡಿಯವರು ದೂರದಿಂದಲೇ ಕುರ್ಚಿ ಕಂಡು ವೇಗ ಹೆಚ್ಚಿಸುತ್ತಿದ್ದರು. ಮಾವ ಒಂದು ತಿಂಗಳು ಹೇಗೋ ಏಗಿದರು. ಆಮೇಲೆ ನಿವೃತ್ತಿಯ ದುಡ್ಡನ್ನೆಲ್ಲ ಬಳಿದು, ಹಳೆಯ ಕಾರುಗಳನ್ನು ಮಾರುವ ಮಳಿಗೆಯೊಂದರಿಂದ ಬೂದು ಬಣ್ಣದ ಕಾರು ತಂದರು.

ನನ್ನನ್ನು ಒಂದು ಮಾತು ಕೇಳಲಿಲ್ಲ. ನನ್ನ ಹೊಟ್ಟೆ ಉರಿಯುವುದು ಅಲ್ಲಿಂದಲೇ ಶುರು. ಗ್ರಾಹಕ ನ್ಯಾಯಾಲಯದ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಹನ್ನೊಂದು ವರ್ಷದಿಂದ ಜನರ ದೂರುಗಳನ್ನು ಟೈಪ್ ಮಾಡುತ್ತಿರುವವಳು ನಾನು. ತಣ್ಣಗಾಗದ ಫ್ರಿಜ್ಜು, ಕೂತರೆ ಮುರಿಯುವ ಸೋಫಾ, ಎರಡನೇ ದಿನಕ್ಕೆ ಕೆಟ್ಟ ಮಿಕ್ಸಿ, ಎಲ್ಲರ ಗೋಳೂ ನನ್ನ ಬೆರಳುಗಳಲ್ಲೇ ಹಾದುಹೋಗಿದೆ. ಸ್ವಂತ ಮಾವ ಮಾತ್ರ ಮಳಿಗೆಗೆ ಹೋಗಿ, ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ತಾಗಿಸಿ, ಹಿಡಿಯನ್ನು ಕಿವಿಗೆ ಇಟ್ಟು, ಸದ್ದು ಶುದ್ಧವಾಗಿದೆ ಎಂದು ಸಹಿ ಹಾಕಿ ಬಂದಿದ್ದರು.

"ಒಬ್ಬರೇ ಮೇಷ್ಟ್ರು ಇಟ್ಕೊಂಡಿದ್ದ ಗಾಡಿ ಅಂಕಲ್," ಎಂದಿದ್ದನಂತೆ ಮಳಿಗೆಯವನು. "ಮಳೇಲಿ ಆಚೆ ತೆಗೀತಿರಲಿಲ್ಲ."

ಮೂರು ವಾರ ಆ ಮನೆಯಲ್ಲಿ ಸಂಭ್ರಮವೋ ಸಂಭ್ರಮ. ಕುರ್ಚಿಯಿಂದ ಕಾರಿನ ಸೀಟಿಗೆ ಪುಟ್ಟಿ ತಾನೇ ಜಾರಿಕೊಳ್ಳಲಿ ಎಂದು ಮಾವ ನುಣ್ಣನೆಯ ಹಲಗೆಯೊಂದನ್ನು ಮಾಡಿದರು. ಅಪ್ಪನ ತೋಳಿಲ್ಲದೆ ಗಾಡಿ ಹತ್ತಿದ ದಿನ ಅವಳು ನನಗೆ ಫೋನು ಮಾಡಿ, "ಅಕ್ಕಾ, ಇವತ್ತು ನಾನು ಮೂಟೆ ಅಲ್ಲ," ಎಂದಳು. ನಾಲ್ಕನೇ ವಾರ ಕಾರು ನಡುರಸ್ತೆಯಲ್ಲಿ ನಿಂತಿತು. ಹಾರನ್ನು ತನ್ನಷ್ಟಕ್ಕೆ ತಾನೇ ಬಡಿದುಕೊಂಡಿತು, ದೀಪಗಳು ಕಣ್ಣು ಮಿಟುಕಿಸಿದವು, ಆಮೇಲೆ ಎಲ್ಲ ಸ್ತಬ್ಧ. ಪುಟ್ಟಿಗೆ ಮೊದಲನೆಯ ತಡ. ಮಳಿಗೆಯವನು ಬ್ಯಾಟರಿ ಎಂದ, ಇನ್ನೊಂದು ಸಲ ಫ್ಯೂಸ್ ಎಂದ. ಮೂರನೇ ಸಲ ಹೋದಾಗ ಅವನ ಬೆಣ್ಣೆ ಮಾತು ಮುಗಿದಿತ್ತು.

"ಬಿಲ್ ಹಿಂದೆ ಓದಿ ಅಂಕಲ್. ಗಾಡಿ ಇದ್ದ ಸ್ಥಿತೀಲೇ ಒಪ್ಪಿ ತಗೊಂಡಿದೀನಿ ಅಂತ ನಿಮ್ಮದೇ ಸಹಿ ಇದೆ."

ಆಗ ಮಾವ ನನ್ನ ಹತ್ತಿರ ಬಂದರು. ನಾನು ಕಾರಿನ ಕಾರ್ಪೆಟ್ಟಿನ ಒಂದು ಮೂಲೆ ಎತ್ತಿದೆ. ಅಡಿಯಲ್ಲಿ ಒಣಗಿ ಬಿರುಕುಬಿಟ್ಟ ನುಣ್ಣನೆಯ ಕೆಸರು. ಸೀಟಿನ ಬೆಲ್ಟನ್ನು ಕೊನೆಯವರೆಗೂ ಎಳೆದೆ. ತುದಿಯಲ್ಲಿ ಗೇಣುದ್ದ ಕಂದು ಕಲೆ, ನೀರು ನಿಂತ ಗುರುತು. ಹಿಂದೆ ಇಂಥದೇ ಒಂದು ದೂರನ್ನು ಟೈಪ್ ಮಾಡಿದ್ದರಿಂದ ಎಲ್ಲಿ ನೋಡಬೇಕೆಂದು ನನಗೆ ಗೊತ್ತಿತ್ತು.

"ಮಾವ, ಈ ಗಾಡಿ ಪ್ರವಾಹದಲ್ಲಿ ಮುಳುಗಿತ್ತು. ಮೇಲೆ ಪಾಲಿಶ್ ಹೊಡೆದು ನಿಮಗೆ ಟೋಪಿ ಹಾಕಿದಾರೆ."

ಹೇಳಲು ನಾಚಿಕೆಯಾಗುತ್ತದೆ, ಆ ಕೆಸರು ಕಂಡು ನನಗೆ ಖುಷಿಯಾಗಿತ್ತು. ಕೇಸು ಗಟ್ಟಿಯಾಗಿತ್ತು. ಮೊಬೈಲಿನಲ್ಲಿ ಎರಡು ಫೋಟೋ ತೆಗೆದುಕೊಂಡು, ದೊಡ್ಡ ವಕೀಲೆಯ ಗತ್ತಿನಲ್ಲಿ ಅವರಿಗೆ ಬುದ್ಧಿ ಹೇಳಿದೆ.

"ಹಳೇ ಗಾಡಿ ಆದ್ರೂ ಕೊಂಡವರಿಗೆ ಹಕ್ಕಿದೆ ಮಾವ. ಇದ್ದ ಹಾಗೇ ಅಂತ ಸಹಿ ಹಾಕಿಸಿಕೊಂಡ ಮಾತ್ರಕ್ಕೆ ಸುಳ್ಳು ಹೇಳಿ ಮಾರೋ ಹಾಗಿಲ್ಲ. ದುಡ್ಡು ವಾಪಸ್ ಬರುತ್ತೆ. ಆದ್ರೆ ಗಾಡೀನ ಮುಟ್ಟಬೇಡಿ. ಕೋರ್ಟಿನ ತಜ್ಞರು ಬಂದು ನೋಡೋವರೆಗೂ ಒಂದು ಸ್ಕ್ರೂ ಕೂಡ ತಿರುಗಿಸಬಾರದು."

"ಎಷ್ಟು ದಿನ ಆಗುತ್ತೆ?"

"ಎರಡು ತಿಂಗಳು, ಮೂರು ತಿಂಗಳು."

"ಅಲ್ಲೀತನಕ ಪುಟ್ಟಿ?"

"ಹೇಗಾದ್ರೂ ಹೊಂದಿಸ್ಕೊಳ್ಳಿ."

ಎಷ್ಟು ಸಲೀಸಾಗಿ ಹೇಳಿದ್ದೆ! ಆ 'ಹೇಗಾದ್ರೂ' ಎನ್ನುವ ಮಾತನ್ನು ಈಗ ವಾಪಸು ತೆಗೆದುಕೊಳ್ಳಲು ಆಗುವುದಾದರೆ ಏನು ಬೇಕಾದರೂ ಕೊಟ್ಟೇನು.

ಒಂಬತ್ತು ದಿನ ಮಾವ ಗಾಡಿ ಮುಟ್ಟಲಿಲ್ಲ. ಒಂದು ದಿನ ಪಕ್ಕದ ಬೀದಿಯ ಹಾಲಿನ ವ್ಯಾನಿನವನು ಕರೆದುಕೊಂಡು ಹೋದ. ಒಂದು ದಿನ ಮಾವನೇ ಕುರ್ಚಿಯನ್ನು ತಳ್ಳಿಕೊಂಡು ಕತ್ತಲೆ ಹರಿಯುವಾಗ ಹೊರಟು, ಬೆವರಿನಲ್ಲಿ ಮಿಂದು ಆಸ್ಪತ್ರೆ ಮುಟ್ಟಿದರು. ಎಂಟನೇ ದಿನ ಯಾರೂ ಸಿಗದೆ ಎರಡನೆಯ ತಡವಾಯಿತು. ಆಸ್ಪತ್ರೆಯವರು ಕೈಗೆ ಚೀಟಿ ಕೊಟ್ಟರು: ಇನ್ನೊಂದು ಸಲ ಹೀಗಾದರೆ ಬರುವುದು ಬೇಡ. ಪುಟ್ಟಿ ಆ ಚೀಟಿಯನ್ನು ಅಪ್ಪನಿಗೆ ಓದಿ ಹೇಳಿ, ತುಟಿಪಿಟಕ್ಕೆನ್ನದೆ ತನ್ನ ಕೋಣೆಗೆ ಹೋದಳಂತೆ. ಪುಟ್ಟಿ ಸುಮ್ಮನಾದಳು ಎಂದರೆ ಆ ಮನೆಯಲ್ಲಿ ಉಸಿರು ಕಟ್ಟಿದ ಹಾಗೆ.

ಭಾನುವಾರ ಬೆಳಿಗ್ಗೆ ಮಾವ ಗಾಡಿ ಬಿಚ್ಚಿದರು.

ಕಾರ್ಖಾನೆಯಲ್ಲಿ ಕೈಕೆಳಗಿನವರಿಗೆ ಅವರು ಕಲಿಸುತ್ತಿದ್ದ ಮೊದಲ ಪಾಠ, ಕೊಳೆಯಿದ್ದ ಯಂತ್ರಕ್ಕೆ ಕೈ ಹಾಕಬಾರದು ಎನ್ನುವುದು. ಒರೆಸಿ ಆದ ಮೇಲೆ ಬಿಚ್ಚಬೇಕು. ಹಾಗೇ ಮಾಡಿದರು. ಸೀಟುಗಳನ್ನು ಕಳಚಿ ಅಂಗಳದಲ್ಲಿಟ್ಟರು. ಕೆಸರನ್ನು ಕೆರೆದು, ಮೂಲೆಮೂಲೆಗೆ ಹಲ್ಲುಜ್ಜುವ ಬ್ರಷ್ ಹಾಕಿ ತಿಕ್ಕಿದರು. ಬೆಲ್ಟುಗಳನ್ನು ಸೋಪಿನಲ್ಲಿ ನೆನೆಸಿ ತೊಳೆದರು. ಹಸಿರು ಕಿಲುಬು ಹಿಡಿದ ತಾಮ್ರದ ವಯರುಗಳನ್ನು ಕತ್ತರಿಸಿ ಹೊಸದನ್ನು ಹಾಕಿ, ಸೀಟಿನ ಕಂಬಿಗೆ ಎಣ್ಣೆ ಬಿಟ್ಟರು. ಸಂಜೆ ಕೀಲಿ ತಿರುಗಿಸಿದೊಡನೆ ಗಾಡಿ ಶುರುವಾಯಿತು. ಸೋಮವಾರ ಎಂಟೂಕಾಲಿಗೆ ಪುಟ್ಟಿ ಕೌಂಟರಿನಲ್ಲಿದ್ದಳು.

ನನಗೆ ಫೋನು ಮಾಡಿದ್ದೂ ಅವಳೇ. "ಅಕ್ಕಾ, ಅಪ್ಪ ರೆಡಿ ಮಾಡಿಬಿಟ್ರು! ಒಳಗೆ ತಟ್ಟೆ ಇಟ್ಟು ಊಟ ಮಾಡಬಹುದು, ಅಷ್ಟು ಕ್ಲೀನು."

ಮಧ್ಯಾಹ್ನವೇ ಅಂಗಡಿ ಬಿಟ್ಟು ಮಾವನ ಮನೆಗೆ ಓಡಿದೆ.

"ಕೆಸರು ತೊಳೆದ್ರಾ? ಎಲ್ಲಾನೂ? ಹೋಗಲಿ, ತೆಗೆದ ವಯರುಗಳಾದ್ರೂ ಎಲ್ಲಿ? ಅದನ್ನೇ ಕೋರ್ಟಿಗೆ ಕೊಡೋಣ."

"ವಾಪಸ್ ಕೊಟ್ಟೆ," ಎಂದರು ಮಾವ.

"ಯಾರಿಗೆ?"

"ಗಾಡಿ ಮಾರಿದವನಿಗೆ. ಪುಟ್ಟೀನ ಬಿಟ್ಟು ಹಾಗೇ ಹೋಗಿದ್ದೆ."

ಮೊದಲು ನನಗೆ ಅರ್ಥವೇ ಆಗಲಿಲ್ಲ. ಅವರು ನಿಧಾನವಾಗಿ ಬಿಡಿಸಿ ಹೇಳಿದರು. ಕಾರ್ಖಾನೆಯಲ್ಲಿ ಯಂತ್ರದಿಂದ ತೆಗೆದ ಸವೆದ ಭಾಗವನ್ನು ಕಾಗದದಲ್ಲಿ ಕಟ್ಟಿ, ಮೇಲೆ ಯಂತ್ರದ ನಂಬರು ಬರೆದು, ಸೂಪರ್‌ವೈಸರ್ ಮೇಜಿನ ಮೇಲೆ ಇಡುವುದು ಪದ್ಧತಿ. ಬಾಯಿಬಿಟ್ಟು ಏನೂ ಹೇಳಬೇಕಿಲ್ಲ. ಪೊಟ್ಟಣ ಬಿಚ್ಚಿ ನೋಡಿದವನು ತಪ್ಪು ಎಲ್ಲಿತ್ತೆಂದು ತಿಳಿದುಕೊಂಡು ಸಹಿ ಹಾಕುತ್ತಾನೆ. ಮೂವತ್ತೆರಡು ವರ್ಷದಲ್ಲಿ ಆ ಪೊಟ್ಟಣದ ಜೊತೆ ಒಬ್ಬನೂ ವಾದ ಮಾಡಿರಲಿಲ್ಲ. ಅದೇ ನಂಬಿಕೆಯಲ್ಲಿ ಮಾವ ಕಿಲುಬು ಹಿಡಿದ ವಯರುಗಳನ್ನೂ ಕೆರೆದ ಕೆಸರನ್ನೂ ಬೇರೆ ಬೇರೆ ಕಟ್ಟಿ, ಮೇಲೆ ಕಾರಿನ ನಂಬರು ಬರೆದು ಮಳಿಗೆಯವನ ಮೇಜಿನ ಮೇಲಿಟ್ಟಿದ್ದರು.

"ಏನಂದ?"

"ಬಿಚ್ಚಿ ನೋಡಿದ. ಮುಖ ಸಪ್ಪಗಾಯ್ತು. ಥ್ಯಾಂಕ್ಸ್ ಅಂಕಲ್, ನಾನು ನೋಡ್ತೀನಿ ಅಂತ ಡ್ರಾಯರಲ್ಲಿ ಇಟ್ಕೊಂಡ. ಕಾಫಿ ಕುಡಿಸ್ದ." ಮಾವನ ದನಿಯಲ್ಲಿ ಆಸೆಯಿತ್ತು. "ಅವನೂ ಗಾಡಿಗಳ ಮಧ್ಯೆ ಇರೋನು. ಕಣ್ಣಾರೆ ಕಂಡ ಮೇಲೆ ಇಲ್ಲ ಅನ್ನೋಕಾಗುತ್ತಾ?"

ನಾನು ಕೂಗಾಡಿದೆ. ಹಿರಿಯರು ಎಂದೂ ನೋಡದೆ ಬಾಯಿಗೆ ಬಂದದ್ದನ್ನೆಲ್ಲ ಅಂದೆ. "ನಿಮ್ಮ ಕೈಯಾರೆ ಸಾಕ್ಷೀನ ಅವನ ಮಡಿಲಿಗೆ ಹಾಕಿ ಬಂದ್ರಲ್ಲ! ಮುಟ್ಟಬೇಡಿ ಅಂತ ಅಷ್ಟು ಬಡ್ಕೊಂಡೆ!" ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ಮಾವ ತಮ್ಮ ಅಂಗೈಗಳನ್ನೇ ನೋಡಿಕೊಳ್ಳುತ್ತ ಕೂತಿದ್ದರು.

ಆದರೂ ದೂರು ಕೊಟ್ಟೆವು. ನಾನೇ ಟೈಪ್ ಮಾಡಿದೆ. ತಿಂಗಳ ಮೇಲೆ ಕೋರ್ಟಿನ ತಜ್ಞರು ಮನೆಗೆ ಬಂದರು. ಒಳ್ಳೆಯ ಮನುಷ್ಯ, ಅವರ ಮೇಲೆ ನನಗೇನೂ ಸಿಟ್ಟಿಲ್ಲ. ಟಾರ್ಚ್ ಹಿಡಿದು ಕಾರಿನ ಕೆಳಗೆ, ಸೀಟಿನಡಿ, ವಯರಿನ ಗೂಡಿನೊಳಗೆ ನೋಡಿದರು. ಹೊರಗೆ ಬಂದು ಕೇಳಿದರು:

"ಯಾರು ಮಾಡಿದ್ದು ಈ ಕೆಲಸ? ತುಂಬಾ ಅಚ್ಚುಕಟ್ಟಾಗಿದೆ."

"ನಾನೇ ಸರ್," ಎಂದರು ಮಾವ. ಹೊಗಳಿಕೆಗೆ ಮುಖ ಅರಳಿತ್ತು, ಪಾಪ. ತಜ್ಞರು ಅದನ್ನೂ ಬರೆದುಕೊಂಡರು.

ಅದಾಗಿ ಹತ್ತು ದಿನಕ್ಕೆ ಕಾರು ಮತ್ತೆ ನಿಂತಿತು. ಈ ಸಲ ಕೆಟ್ಟದ್ದು ಇಂಜಿನ್ನನ್ನು ನಡೆಸುವ, ಅಂಟುಹಾಕಿ ಮುಚ್ಚಿದ ಪೆಟ್ಟಿಗೆ. ಅದರೊಳಗೂ ಪ್ರವಾಹದ ನೀರು ಹೊಕ್ಕು ಇಷ್ಟು ದಿನದಲ್ಲಿ ಒಳಗನ್ನೆಲ್ಲ ತಿಂದುಹಾಕಿತ್ತು. ಅದನ್ನು ಬಿಚ್ಚುವಂತಿಲ್ಲ, ಹೊಸದು ಕೊಳ್ಳುವ ಶಕ್ತಿ ಇಲ್ಲ. ಪುಟ್ಟಿ ಸೇತುವೆಯ ಮೇಲೆ ನಿಂತ ಗಾಡಿಯೊಳಗೆ ಕೂತು, ಗಡಿಯಾರದಲ್ಲಿ ಎಂಟೂವರೆ ದಾಟುವುದನ್ನು ನೋಡಿದಳು. ಮಾವ ಬಾನೆಟ್ಟು ಎತ್ತಿ, ಏನೂ ಮಾಡಲಾಗದೆಂದು ಗೊತ್ತಿದ್ದೂ ಒಳಗೆ ಕೈ ಆಡಿಸುತ್ತಲೇ ಇದ್ದರಂತೆ. ಹಿಂದಿನ ಗಾಡಿಗಳವರೆಲ್ಲ ಬೈದು ಹೋದರಂತೆ. ಮರುದಿನ ಆಸ್ಪತ್ರೆಯಿಂದ ಮರ್ಯಾದೆಯ ಭಾಷೆಯಲ್ಲಿ ಒಂದು ಕಾಗದ ಬಂತು. ಅವಳು ಕೌಂಟರಿನಲ್ಲಿಟ್ಟಿದ್ದ ನೀರಿನ ಬಾಟಲಿಯನ್ನೂ ಜೊತೆಗೆ ಕಳಿಸಿದ್ದರು.

ಕೋರ್ಟಿನಲ್ಲಿ ಮಳಿಗೆಯವನು ಇಸ್ತ್ರಿ ಮಾಡಿದ ಅಂಗಿಯಲ್ಲಿ ಬಂದಿದ್ದ. ನನ್ನ ಎರಡು ಫೋಟೋಗಳನ್ನು ಅವನ ವಕೀಲರು ಎತ್ತಿ ಹಿಡಿದು, ಇದು ಯಾವ ಗಾಡಿಯ ಕೆಸರು ಎಂದು ಕೇಳಿದರು. ಮಾವ ಅವನ ಕಡೆಗೇ ತಿರುಗಿ, "ಆ ಪೊಟ್ಟಣ ತೋರಿಸಪ್ಪ," ಎಂದರು.

"ಯಾವ ಪೊಟ್ಟಣ ಅಂಕಲ್?" ಎಂದ ಅವನು. ಕಣ್ಣು ಕೂಡ ಮಿಟುಕಿಸಲಿಲ್ಲ.

ತೀರ್ಪು ಬಂದಾಗ ಅದರಲ್ಲಿ ಹೀಗಿತ್ತು: ನೀರಿನ ಗುರುತು ಕಂಡುಬಂದಿಲ್ಲ, ವಾಹನವನ್ನು ದೂರುದಾರರೇ ಬಿಚ್ಚಿ ಬದಲಾಯಿಸಿದ್ದಾರೆ, ದೂರು ವಜಾ. ಅದರ ನಕಲನ್ನು ನನ್ನ ಅಂಗಡಿಯಲ್ಲೇ ಜೆರಾಕ್ಸ್ ಮಾಡಿದೆ. ಎರಡನೇ ಪುಟ ಕಣ್ಣಿಗೆ ಕಾಣದೆ ಮಸುಕಾಯಿತು.

ಇಷ್ಟು ವರ್ಷ ನಾನು ಜನರಿಗೆ ಧೈರ್ಯ ಹೇಳುತ್ತ ಬಂದವಳು. ಮುಟ್ಟಬೇಡಿ, ಕಾಯಿರಿ, ನಿಮಗೆ ಹಕ್ಕಿದೆ ಎನ್ನುವವಳು. ಮಾವ ನನ್ನ ಮಾತು ಕೇಳಿದ್ದರೆ ಕೇಸು ಗೆಲ್ಲುತ್ತಿದ್ದರೇನೋ, ಆದರೆ ಪುಟ್ಟಿಯ ಕೆಲಸ ಆ ಸೋಮವಾರವೇ ಹೋಗುತ್ತಿತ್ತು. ಕೇಳದೆ ಇದ್ದದ್ದರಿಂದ ಅವಳಿಗೆ ನಲವತ್ತು ದಿನ ಹೆಚ್ಚು ಸಿಕ್ಕಿತು, ಅಷ್ಟೇ. ಎರಡರಲ್ಲಿ ಯಾವುದು ಸರಿಯಿತ್ತೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಈಗ ಯಾರಾದರೂ ದೂರು ಬರೆಸಲು ಬಂದರೆ ಮುಟ್ಟಬೇಡಿ ಎನ್ನಲು ನಾಲಿಗೆ ಏಳುವುದಿಲ್ಲ.

ಕಳೆದ ವಾರ ಅವರ ಮನೆಗೆ ಹೋಗಿದ್ದೆ. ಕಾರು ಬಾಗಿಲೆದುರು ಗರಬಡಿದಂತೆ ನಿಂತಿದೆ, ನಾಲ್ಕು ಚಕ್ರವೂ ನೆಲಕ್ಕೆ ಅಂಟಿವೆ. ಗೇಟು ತಳ್ಳಿದೆ, ಕಿರ್ ಎಂದಿತು. ಆ ಮನೆಯ ಗೇಟು ಸದ್ದು ಮಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಒಳಗೆ ಮಾವ ಗೋಡೆಗೆ ಒರಗಿ ಕೂತಿದ್ದರು. ಪುಟ್ಟಿ ಕಿಟಕಿಯ ಹತ್ತಿರ ಇದ್ದಳು. ನನ್ನನ್ನು ನೋಡಿ, "ಇರು ಅಕ್ಕಾ, ನೀರು ತರ್ತೀನಿ," ಎಂದು ಕುರ್ಚಿ ತಿರುಗಿಸಿದಳು. ಕುರ್ಚಿಯ ಎಡಗಡೆ ಗಾಲಿ ಉದ್ದಕ್ಕೂ ಕಿರುಗುಟ್ಟಿತು.

ಅತ್ತೆ ಮಾವನ ಕಡೆ ನೋಡಿದರು. ನಾನೂ ನೋಡಿದೆ. ಅವರು ಏಳಲಿಲ್ಲ. ಅಂಗಿಯ ಜೇಬು ಖಾಲಿಯಿತ್ತು.

"ಮಾವ, ಎಣ್ಣೆ ಡಬ್ಬಿ ಎಲ್ಲಿ?"

ಅವರು ತಲೆ ಎತ್ತಿದರು. ಮುಖದಲ್ಲಿ ಸಿಟ್ಟಿರಲಿಲ್ಲ, ಆಪಾದನೆಯೂ ಇರಲಿಲ್ಲ.

"ಮುಟ್ಟಬಾರದು ಅಂತ ನೀನೇ ಹೇಳಿದ್ಯಲ್ಲಮ್ಮ," ಎಂದರು.

ಪುಟ್ಟಿ ತೊಡೆಯ ಮೇಲೆ ನೀರಿನ ಲೋಟ ಇಟ್ಟುಕೊಂಡು ವಾಪಸು ಬಂದಳು. ಅಡುಗೆಮನೆಯಿಂದ ಕಿಟಕಿಯವರೆಗೂ ಕುರ್ಚಿ ಕಿರುಗುಟ್ಟುತ್ತಲೇ ಇತ್ತು.